ಇಬ್ಬರಿಗೆ ಒಂದೇ ಸ್ಪಿಯರ್‌ಗನ್: ನಡುಗಡಲಲ್ಲಿ ಒಂದು ದಿನ

ನಾನೂ ನನ್ನ ಗೆಳೆಯನೂ ನಡುಗಡಲಿಗೆ ಮೀನುಬೇಟೆಗೆ ಹೋದಾಗ ನೀರಿಗೆ ಇಳಿಸುವುದು ಒಂದೇ ಸ್ಪಿಯರ್‌ಗನ್, ಅಂದರೆ ರಬ್ಬರಿನ ಬಲದಿಂದ ಈಟಿ ಹಾರಿಸುವ ಗನ್. ಇಬ್ಬರ ಹತ್ತಿರವೂ ಒಂದೊಂದು ಇದೆ. ಎರಡನೆಯದು ದೋಣಿಯಲ್ಲೇ ಇರುತ್ತದೆ. ಕೈಯಲ್ಲಿ ಗನ್ ಇದ್ದರೆ ಕಣ್ಣು ಮೀನನ್ನೇ ಹುಡುಕುತ್ತದೆ, ಎಷ್ಟು ಹೇಳಿಕೊಂಡರೂ ಕೇಳುವುದಿಲ್ಲ. ಕೈ ಖಾಲಿ ಇದ್ದರೆ ಕಣ್ಣು ಗೆಳೆಯನ ಮೇಲೆ ನಿಲ್ಲುತ್ತದೆ. ಒಬ್ಬ ಕೆಳಗೆ ಹೋದರೆ ಇನ್ನೊಬ್ಬ ಮೇಲೆ ಇರಬೇಕು. ಸಿಲಿಂಡರ್ ಇಲ್ಲದೆ, ಒಂದೇ ಉಸಿರಿನಲ್ಲಿ ಮಾಡುವ ಈ ಬೇಟೆಗೆ ಇದಕ್ಕಿಂತ ದೊಡ್ಡ ನಿಯಮ ನನಗೆ ಗೊತ್ತಿಲ್ಲ.

ಆ ದಿನ ಗಾಳಿ ಕಡಿಮೆ ಇತ್ತು, ನೀರು ತುಂಬಾ ತಿಳಿ. ದೋಣಿ ನಡೆಸುವವರು ನಮ್ಮನ್ನು ಇಳಿಸಿ ಸ್ವಲ್ಪ ದೂರ ನಿಂತರು. ಬಾವುಟ ಕಟ್ಟಿದ ಫ್ಲೋಟ್ ನಮ್ಮ ಜೊತೆ ತೇಲುತ್ತಿತ್ತು. ಅದಕ್ಕೆ ಉದ್ದನೆಯ ಫ್ಲೋಟ್ ಲೈನ್, ಲೈನಿನ ತುದಿಗೆ ಈಟಿ. ದೊಡ್ಡ ಮೀನು ಎಳೆದುಕೊಂಡು ಓಡಿದರೆ ಅದು ಫ್ಲೋಟನ್ನು ಎಳೆಯಬೇಕು, ನಮ್ಮನ್ನಲ್ಲ.

ನಡುಗಡಲಲ್ಲಿ ತಳ ಕಾಣುವುದಿಲ್ಲ. ಕೆಳಗೆ ನೋಡಿದರೆ ಬರೀ ನೀಲಿ, ಬಿಸಿಲಿನ ಕೋಲುಗಳು ಒಂದು ಬಿಂದುವಿನ ಕಡೆ ಇಳಿಯುತ್ತಾ ಹೋಗುತ್ತವೆ. ಬಂಡೆ ಇಲ್ಲ, ಮರಳಿಲ್ಲ, ಎಷ್ಟು ಆಳ ಬಂದೆ ಅಂತ ಹೇಳುವ ಗುರುತೇ ಇಲ್ಲ. ಸುಮ್ನೆ ಮೀನಿನ ಹಿಂದೆ ಇಳಿದರೆ 12 ಮೀಟರ್ ಅಂದುಕೊಂಡದ್ದು 20 ಆಗಿರುತ್ತದೆ. ಅದಕ್ಕೇ ಕೈಗೆ ಡೈವ್ ವಾಚ್ ಕಟ್ಟಿ, ನಮ್ಮ ಆಳಕ್ಕೆ ಅಲಾರಂ ಇಟ್ಟಿರುತ್ತೇವೆ. ವೆಯ್ಟ್ ಬೆಲ್ಟಿನ ತೂಕವನ್ನೂ ಲೆಕ್ಕ ಹಾಕಿಯೇ ಕಟ್ಟುತ್ತೇವೆ. ಉಸಿರು ಪೂರ್ತಿ ಬಿಟ್ಟರೂ ಮೇಲ್ಮೈಯಲ್ಲಿ ತೇಲಬೇಕು, 10 ಮೀಟರ್ ಹತ್ತಿರ ಮುಳುಗದೆ ತೇಲದೆ ನಿಲ್ಲಬೇಕು. ಜಾಸ್ತಿ ತೂಕ ಕಟ್ಟಿದರೆ ಇಳಿಯುವುದು ಸುಲಭ, ಏರುವುದು ಕಷ್ಟ.

ತೇಲಿ ಬಂದಿದ್ದ ಒಂದು ಮರದ ದಿಮ್ಮಿ ಸಿಕ್ಕಿತು. ಇಂಥ ದಿಮ್ಮಿಯ ನೆರಳಿಗೆ ಸಣ್ಣ ಮೀನು ಸೇರುತ್ತವೆ, ಅವುಗಳ ಹಿಂದೆ ದೊಡ್ಡವು ಬರುತ್ತವೆ. ಮಿನುಗುವ ತಗಡಿನ ತುಂಡುಗಳ ಫ್ಲಾಷರನ್ನು ದಾರದಲ್ಲಿ ಇಳಿಬಿಟ್ಟೆವು. ಮೊದಲ ಸರದಿ ನನ್ನದು.

ಎರಡು ನಿಮಿಷ ಮುಖ ಕೆಳಗೆ ಹಾಕಿ ಸ್ನಾರ್ಕೆಲ್ ಅನ್ನುವ ಉಸಿರಿನ ಕೊಳವೆಯಲ್ಲಿ ಸಹಜವಾಗಿ ಉಸಿರಾಡಿದೆ. ಜೋರಾಗಿ, ಬೇಗ ಬೇಗ ಉಸಿರಾಡುವುದು ದೊಡ್ಡ ತಪ್ಪು. ಹಾಗೆ ಮಾಡಿದರೆ ಆಮ್ಲಜನಕ ಹೆಚ್ಚೇನೂ ಸೇರುವುದಿಲ್ಲ. ಕಾರ್ಬನ್ ಡೈಆಕ್ಸೈಡ್ ಮಾತ್ರ ಹೊರಗೆ ಹೋಗುತ್ತದೆ. ಉಸಿರು ಬೇಕು ಅಂತ ಮೈ ಕೂಗುವುದು ಅದು ಏರಿದಾಗಲೇ ಅಲ್ವಾ? ಅದನ್ನು ಖಾಲಿ ಮಾಡಿಕೊಂಡು ಇಳಿದರೆ ಮೈ ಎಚ್ಚರಿಸುವ ಮೊದಲೇ ಪ್ರಜ್ಞೆ ಹೋಗಬಹುದು.

ಕೊನೆಯ ಉಸಿರು ತುಂಬಿಕೊಂಡು, ಸ್ನಾರ್ಕೆಲನ್ನು ಬಾಯಿಂದ ತೆಗೆದು, ತಲೆ ಕೆಳಗೆ ಮಾಡಿದೆ. ಮೂಗು ಹಿಡಿದು ಕಿವಿಯ ಒತ್ತಡ ಸರಿ ಮಾಡುತ್ತಾ 12 ಮೀಟರಿಗೆ ಬಂದು ನಿಂತೆ. ಅಲ್ಲಿ ಏನೂ ಮಾಡಬಾರದು. ಕೈಕಾಲು ಆಡಿಸದೆ ಬರೀ ಇರಬೇಕು. ಏಳೆಂಟು ಮಾಹಿ ಮಾಹಿ ಮೀನು ಫ್ಲಾಷರ್ ನೋಡಲು ಬಂದವು. ಚೌಕದ ಹಣೆಯ ಒಂದು ಗಂಡು ಪಕ್ಕಕ್ಕೆ ತಿರುಗಿತು. ಮಾಸ್ಕಿನ ಒಳಗಿಂದ ಮೀನು ಇರುವುದಕ್ಕಿಂತ ಹತ್ತಿರ, ಸುಮಾರು ಮೂರನೇ ಒಂದು ಪಾಲು ದೊಡ್ಡದಾಗಿ ಕಾಣುತ್ತದೆ. ಹೊಸದರಲ್ಲಿ ನಾನು ಇದಕ್ಕೇ ಮೋಸ ಹೋಗಿ ಎಷ್ಟೋ ಸಲ ದೂರದಿಂದ ಹೊಡೆದು ತಪ್ಪಿಸಿದ್ದೇನೆ. ಈಗ ಇನ್ನೂ ಒಂದು ಕ್ಷಣ ಕಾಯುತ್ತೇನೆ. ಕಿವಿರಿನ ಹಿಂದೆ, ಬೆನ್ನುಮೂಳೆ ಸಾಗುವ ಗೆರೆಗೆ ಗುರಿ ಇಟ್ಟು ಬಿಟ್ಟೆ.

ಮೇಲೆ ಬಂದು, ಉಸಿರು ಸರಿಯಾದ ಮೇಲೆ ಲೈನ್ ಎಳೆದು ಮೀನನ್ನು ಹಿಡಿದೆ. ಕಿವಿರಿನೊಳಗೆ ಕೈ ಹಾಕಿ, ಕಣ್ಣಿನ ಹಿಂದಿನಿಂದ ಮಿದುಳಿಗೆ ಚಾಕು ಇಳಿಸಿದೆ. ಮೀನು ಜಾಸ್ತಿ ನರಳಬಾರದು, ಮಾಂಸವೂ ಚೆನ್ನಾಗಿ ಉಳಿಯುತ್ತದೆ. ಆಗ ಅದರ ಬಣ್ಣ ನನ್ನ ಕೈಯಲ್ಲೇ ಬದಲಾಯಿತು. ಬಂಗಾರದ ಹೊಟ್ಟೆ, ಹಸಿರು ಬೆನ್ನು, ನೀಲಿ ಚುಕ್ಕೆ ಎಲ್ಲ ಒಂದು ಸಲ ಮಿಂಚಿದಂತಾಗಿ, ಆಮೇಲೆ ಮಾಸಿ ಬೂದುಬಣ್ಣಕ್ಕೆ ತಿರುಗಿದವು. ಪ್ರತಿ ಸಲವೂ ನಾನು ಇದನ್ನು ಪೂರ್ತಿ ನೋಡುತ್ತೇನೆ. ಕೊಂದದ್ದು ನಾನು, ಕಣ್ಣು ತಿರುಗಿಸುವುದು ಸರಿ ಅನಿಸುವುದಿಲ್ಲ.

ಮೀನನ್ನು ದೋಣಿಗೆ ಕೊಟ್ಟೆವು, ನೀರಿನಲ್ಲಿ ರಕ್ತ ಇದ್ದರೆ ಶಾರ್ಕ್ ಬರುತ್ತವೆ. ಗನ್ ಗೆಳೆಯನ ಕೈಗೆ ಹೋಯಿತು.

ಅವನ ಮೂರನೇ ಇಳಿತ. ಸಾಮಾನ್ಯವಾಗಿ ಅವನು 1 ನಿಮಿಷ 15 ಸೆಕೆಂಡಿಗೆ ಮೇಲೆ ಬರುತ್ತಾನೆ. ಆ ಸಲ ಕೆಳಗೆ ಒಂದು ವಾಹೂ ಮೀನು ಬಂತು, ಉದ್ದಕ್ಕೆ, ಬೆಳ್ಳಿಯ ಹಾಗೆ. ಅವನು ಇಳಿಯುತ್ತಲೇ ಹೋದ. ನಾನು ಎಣಿಸುತ್ತಿದ್ದೆ. 1 ನಿಮಿಷ 20 ಆಯಿತು. ವಾಹೂ ತಿರುಗಿತು, ಅವನು ಕಾಲಿನ ಫಿನ್ನನ್ನು ಇನ್ನೂ ನಾಲ್ಕು ಸಲ ಒದ್ದ. ಆಮೇಲೆ ಮೇಲಕ್ಕೆ ಹೊರಟ. ತಲೆ ಎತ್ತಿ ಮೇಲ್ಮೈಯನ್ನೇ ನೋಡುತ್ತಿದ್ದ. ಅವನು ಹಾಗೆ ನೋಡುವವನಲ್ಲ. ನಾನು 8 ಮೀಟರಿಗೆ ಇಳಿದು, ಅವನ ಎದುರಿಗೇ ಮುಖ ನೋಡುತ್ತಾ ಜೊತೆಗೆ ಏರಿದೆ.

ಬ್ಲ್ಯಾಕೌಟ್, ಅಂದರೆ ಆಮ್ಲಜನಕ ಸಾಲದೆ ಪ್ರಜ್ಞೆ ತಪ್ಪುವುದು, ಹೆಚ್ಚಾಗಿ ಆಗುವುದು ಈ ಕೊನೆಯ 10 ಮೀಟರಿನಲ್ಲಿ ಅಥವಾ ಮೇಲೆ ಬಂದ ಮೊದಲ ಕೆಲವು ಸೆಕೆಂಡುಗಳಲ್ಲಿ. 20 ಮೀಟರಿನಲ್ಲಿ ಒತ್ತಡ ಮೇಲ್ಮೈಯ 3 ಪಟ್ಟು, 10 ಮೀಟರಿನಲ್ಲಿ 2 ಪಟ್ಟು. ಅಲ್ಲಿಂದ ಮೇಲೆ ಬರುವಷ್ಟರಲ್ಲಿ ಅದು ಅರ್ಧಕ್ಕೆ ಇಳಿಯುತ್ತದೆ. ಶ್ವಾಸಕೋಶದಲ್ಲಿ ಉಳಿದ ಚೂರು ಆಮ್ಲಜನಕದ ಒತ್ತಡವೂ ಹಾಗೇ ಬೀಳುತ್ತದೆ. ಕೆಳಗೆ ಚೆನ್ನಾಗಿದ್ದವನು ಮೇಲೆ ಬರುತ್ತಾ ಕಳೆದುಹೋಗುತ್ತಾನೆ.

ಅವನು ನೀರಿನಿಂದ ಮುಖ ಎತ್ತಿದ. ಒಂದು ಉಸಿರು ಬಿಟ್ಟ. ತುಟಿ ನೀಲಿಯಾಗಿತ್ತು. ಕಣ್ಣು ನನ್ನ ಕಡೆಗಿತ್ತು, ನನ್ನನ್ನು ನೋಡುತ್ತಿರಲಿಲ್ಲ. ಗದ್ದ ಎರಡು ಸಲ ನಡುಗಿ ನೀರಿಗೆ ಬಾಗಿತು. ಗನ್ ಇನ್ನೂ ಲೋಡ್ ಆಗಿಯೇ ಇತ್ತು. ಮೊದಲು ಅದರ ಮೊನೆಯನ್ನು ಆಚೆ ತಳ್ಳಿದೆ. ಒಂದು ಕೈ ಅವನ ಕತ್ತಿನ ಹಿಂದೆ ಕೊಟ್ಟು ಬಾಯಿ ಮೂಗು ನೀರಿನಿಂದ ಮೇಲೆ ಹಿಡಿದೆ, ಇನ್ನೊಂದರಲ್ಲಿ ಮಾಸ್ಕ್ ಕಿತ್ತೆ. ಕಣ್ಣಿನ ಕೆಳಗೆ ಗಾಳಿ ಊದಿ, ಹೆಸರು ಹಿಡಿದು "ಉಸಿರು ತಗೋ, ಉಸಿರು ತಗೋ" ಅಂದೆ. ನಾಲ್ಕು ಸೆಕೆಂಡು ಇರಬೇಕು. ಆಮೇಲೆ ಜೋರಾಗಿ ಉಸಿರೆಳೆದುಕೊಂಡ. ತುಟಿಗೆ ಬಣ್ಣ ಬಂತು.

"ಓಕೆ ಅಂದೆನಲ್ಲ, ಯಾಕೆ ಹಿಡ್ಕೊಂಡಿದ್ದೀಯ?" ಅಂತ ಕೇಳಿದ. ಅವನು ಓಕೆ ಅಂದಿರಲಿಲ್ಲ. ನಡುಗಿದ್ದಾಗಲಿ, ನಾನು ಮಾಸ್ಕ್ ತೆಗೆದದ್ದಾಗಲಿ ಅವನಿಗೆ ನೆನಪೇ ಇರಲಿಲ್ಲ. ಇದಕ್ಕೆ ಸಾಂಬಾ ಅನ್ನುತ್ತಾರೆ, ಪೂರ್ತಿ ಬ್ಲ್ಯಾಕೌಟಿನ ಹೊಸ್ತಿಲು. ಅದು ಆದವರಿಗೆ ಎಷ್ಟೋ ಸಲ ಆದದ್ದೇ ಗೊತ್ತಿರುವುದಿಲ್ಲ. ಮೇಲೆ ಬಂದವರನ್ನು ಕಡಿಮೆ ಅಂದರೂ 30 ಸೆಕೆಂಡು ನೋಡುತ್ತಲೇ ಇರಬೇಕು ಅನ್ನುವುದು ಇದಕ್ಕೇ.

ಆಮೇಲೆ ನಾವಿಬ್ಬರೂ ನೀರಿಗೆ ಇಳಿಯಲಿಲ್ಲ. ಸಾಂಬಾ ಆದ ದಿನ ಮತ್ತೆ ಡೈವ್ ಮಾಡುವಂತಿಲ್ಲ, ಅದರಲ್ಲಿ ಚರ್ಚೆಯೇ ಇಲ್ಲ. ಗನ್ನಿನ ರಬ್ಬರನ್ನು ನೀರಿನಲ್ಲೇ ಸಡಿಲಿಸಿ ದೋಣಿಗೆ ಕೊಟ್ಟೆ. ಲೋಡ್ ಆದ ಗನ್ ದೋಣಿಗೆ ಏರಬಾರದು.

ಹೊರಡುವ ಹೊತ್ತಿಗೆ ದೋಣಿಯ ಎಡಕ್ಕೆ ಟ್ಯೂನಾ ಹಿಂಡು ನೀರು ಒಡೆಯುತ್ತಾ ಬಂತು. ಇಂಥದ್ದು ಸಿಗಲಿ ಅಂತ ಎಷ್ಟೋ ದಿನ ಕಾದಿದ್ದೇವೆ. "ನೀನಾದರೂ ಇಳಿ" ಅಂದ ಗೆಳೆಯ. ಮೇಲೆ ನೋಡುವವರು ಯಾರು ಅಂತ ಕೇಳಿದೆ. ಅವನು ತಲೆಯಾಡಿಸಿದ. ಐಸಿನ ಮೇಲೆ ಮಲಗಿಸಿದ್ದ ಮಾಹಿಯ ಹೊಟ್ಟೆ ಸೀಳಿ ಸ್ವಚ್ಛ ಮಾಡಿ, ಹಿಂಡು ದೂರ ಹೋಗುವವರೆಗೆ ಇಬ್ಬರೂ ಕೂತು ನೋಡಿದೆವು. ಸ್ವಲ್ಪ ಹೊತ್ತು ಬಿಟ್ಟು ಅವನು ಮೆತ್ತಗೆ ಕೇಳಿದ: "ನಾನು ಎಷ್ಟು ಹೊತ್ತು ಕೆಳಗಿದ್ದೆ?" 1 ನಿಮಿಷ 52 ಸೆಕೆಂಡು ಅಂದೆ. ವಾಚ್ ನೋಡಿಕೊಂಡು, ಇನ್ನೊಂದು ಸಲ ನೋಡಿಕೊಂಡು, ಅದರ ಅಲಾರಮನ್ನು ಕಡಿಮೆ ಆಳಕ್ಕೆ ಬದಲಿಸಲು ಕೂತ.