ಆಪ್ಷನ್ಸ್ ಶೀಟಿನ ಲಾಭ-ನಷ್ಟ ತಾಳೆಯಾಗದಿದ್ದಾಗ

ಆಪ್ಷನ್ಸ್ (ನಿಗದಿತ ಬೆಲೆಗೆ ಷೇರಿನಂಥದ್ದನ್ನು ಕೊಳ್ಳುವ ಅಥವಾ ಮಾರುವ ಹಕ್ಕಿನ ಒಪ್ಪಂದಗಳು) ಲೆಕ್ಕದ ಸ್ಪ್ರೆಡ್‌ಶೀಟ್ ತೋರಿಸುವ ಲಾಭಕ್ಕೂ ಪೊಸಿಷನ್ (ತೆರೆದಿರುವ ವಹಿವಾಟು) ಮುಚ್ಚಿದಾಗ ಕೈಗೆ ಬರುವ ಹಣಕ್ಕೂ ತಾಳೆಯೇ ಆಗುತ್ತಿರಲಿಲ್ಲ. ಮಾರಿದ ಆಪ್ಷನ್‌ಗಳ ಸಂಖ್ಯೆಯನ್ನು ಮೈನಸ್‌ನಲ್ಲಿ ಬರೆದ ಮೇಲೆ ಅರ್ಧ ಗೋಜಲು ಬಗೆಹರಿಯಿತು. ಸೂತ್ರ ಎಲ್ಲ ಸಾಲಿಗೂ ಒಂದೇ: (ಈಗಿನ ಬೆಲೆ − ಸರಾಸರಿ ಬೆಲೆ) × ಸಂಖ್ಯೆ. 12ಕ್ಕೆ 100 ಮಾರಿ ಬೆಲೆ 9ಕ್ಕೆ ಇಳಿದರೆ (9 − 12) × (−100), ಅಂದರೆ 300 ಲಾಭ.

ಉಳಿದ ವ್ಯತ್ಯಾಸ ತಂದದ್ದು ಈಗಿನ ಬೆಲೆಯೆಂದು ಹಾಕಿದ್ದ ಕೊನೆಯ ವಹಿವಾಟಿನ ಬೆಲೆ. ಹೆಚ್ಚು ವ್ಯಾಪಾರವಿಲ್ಲದ ಸ್ಟ್ರೈಕ್‌ಗಳಲ್ಲಿ (ಒಪ್ಪಂದದ ನಿಗದಿತ ಬೆಲೆಗಳಲ್ಲಿ) ಅದು ಬೆಳಗಿನದ್ದೇ ಉಳಿದಿರುತ್ತದೆ: ಶೀಟಿನಲ್ಲಿ 4.20, ಮಾರುಕಟ್ಟೆಯಲ್ಲಿ ಬಿಡ್ (ಕೊಳ್ಳುವವರು ಕೊಡಲು ಸಿದ್ಧವಿರುವ ಬೆಲೆ) 2.10, ಆಸ್ಕ್ (ಮಾರುವವರು ಕೇಳುವ ಬೆಲೆ) 2.50. ಕೊಂಡದ್ದಕ್ಕೆ ಬಿಡ್, ಮಾರಿದ್ದಕ್ಕೆ ಆಸ್ಕ್ ಹಾಕಿ. ಲಾಭ ಸ್ವಲ್ಪ ಕಡಿಮೆ ಕಂಡರೂ ಅದೇ ನಿಜ.

ಎಕ್ಸ್‌ಪೈರಿಯಲ್ಲಿ (ಒಪ್ಪಂದದ ಅವಧಿ ಮುಗಿಯುವ ದಿನ) ಬೆಲೆಯಿಲ್ಲದೆ ಮುಗಿದ ಸಾಲನ್ನು ಅಳಿಸಬೇಡಿ, ಪ್ರೀಮಿಯಂ (ಆಪ್ಷನ್‌ಗೆ ಕೊಟ್ಟ ಅಥವಾ ಪಡೆದ ಹಣ) ಲೆಕ್ಕವೂ ಹೋಗುತ್ತದೆ. ಈಗಿನ ಬೆಲೆಗೆ 0 ಹಾಕಿ ಮುಗಿದ ವಹಿವಾಟುಗಳ ಹಾಳೆಗೆ ಸರಿಸಿ.