ನಾಲ್ಕನೇ ಟ್ರಿಪ್ಪು

ಉತ್ತರ ಕನ್ನಡದ ಗಣೇಶಗುಡಿಯಲ್ಲಿ ಕಾಳಿ ನದಿ ಕರೆಂಟಿನ ಲೆಕ್ಕದಲ್ಲಿ ಹರಿಯುತ್ತದೆ. 101 ಮೀಟರ್ ಎತ್ತರದ ಸೂಪಾ ಅಣೆಕಟ್ಟೆಯ ಕೆಳಗೆ ಟರ್ಬೈನ್ ತಿರುಗಿದರೆ ನಮಗೆ ನೀರು, ನಿಂತರೆ ಬರೀ ಬಂಡೆ. ಹಾಗಾಗಿ ರಾಫ್ಟಿಂಗ್ ವ್ಯಾಪಾರಕ್ಕೆ ಇಳಿದ ಮೊದಲೆರಡು ವರ್ಷ ಅಪಾಯವೆಂದರೆ ನನ್ನ ತಲೆಯಲ್ಲಿ ನೀರು ಮಾತ್ರ. ಹೆಲ್ಮೆಟ್ಟಿನ ಪಟ್ಟಿ, ಲೈಫ್ ಜಾಕೆಟ್ಟಿನ ಬಕಲ್, ಎಸೆಯುವ ಹಗ್ಗದ ಚೀಲ, ಇಷ್ಟನ್ನು ಬೆಳಿಗ್ಗೆ ಮುಟ್ಟಿ ನೋಡಿದರೆ ಯಜಮಾನನ ಕೆಲಸ ಮುಗಿಯಿತು ಎಂದುಕೊಂಡಿದ್ದೆ. ರಾಫ್ಟಿನ ಹಿಂದೆ ಕೂತು ಹುಟ್ಟು ಹಾಕುವವನ ಮುಖವನ್ನು ನೋಡಿರಲಿಲ್ಲ.

ಡಿಸೆಂಬರ್ ಕೊನೆಯ ಒಂದು ಭಾನುವಾರ. ಮೂರು ಟ್ರಿಪ್ ಆಗಿತ್ತು, ನಾಲ್ಕನೆಯದಕ್ಕೂ ಜನ ಸಿಕ್ಕರು, ಒಪ್ಪಿಕೊಂಡೆ. ನಮ್ಮ ಹಿರಿಯ ಗೈಡ್ ಉತ್ತರಾಖಂಡದವನು, ಗಂಗೆಯಲ್ಲಿ ಪಳಗಿದವನು. ನಡು ಹಾದಿಯ ಇಳಿಜಾರಿನಲ್ಲಿ ಅವನ ಹುಟ್ಟು ಬಂಡೆಗೆ ಸಿಕ್ಕಿ ಭುಜದ ಕೀಲು ತಪ್ಪಿತು. ರಾಫ್ಟ್ ಅಡ್ಡ ತಿರುಗಿ ಬಂಡೆಗೆ ಒತ್ತಿ ನಿಂತಿತು, ಒಬ್ಬ ಪ್ರವಾಸಿ ನೀರಿಗೆ ಬಿದ್ದ. ಹಿಂದೆ ಕಯಾಕ್‌ನಲ್ಲಿ ಬರುತ್ತಿದ್ದ ಹುಡುಗ ಅವನನ್ನು ದಡಕ್ಕೆ ತಂದದ್ದರಿಂದ ಬಚಾವಾದೆವು. ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ತಿಳಿಯಿತು, ಎರಡು ವಾರದಿಂದ ಅವನಿಗೆ ಆ ಭುಜ ನೋಯುತ್ತಿತ್ತು. ಯಾಕೆ ಹೇಳಲಿಲ್ಲ ಎಂದು ಗದರಿದೆ. ‘ಟ್ರಿಪ್ ಬಿಟ್ಟರೆ ದುಡ್ಡು ಬಿಟ್ಟ ಹಾಗಲ್ಲವೇ ಸರ್?’ ಎಂದ. ಟ್ರಿಪ್ಪಿಗೆ ಇಷ್ಟು ಎಂದು ಕೂಲಿ ಗೊತ್ತುಮಾಡಿದವನು ನಾನೇ.

ಇನ್ನೊಂದು ಪೆಟ್ಟು ಕಾಗದದ ಮೇಲೆ ಬಿತ್ತು. ಪ್ರವಾಸಿಗರಿಗೆ ವಿಮೆ ಮಾಡಿಸಿದ್ದೆ, ಹುಡುಗರಿಗೆ ಮಾಡಿಸಿರಲಿಲ್ಲ. ಪರಿಹಾರ ಕೈಯಿಂದ ಹೋಯಿತು. ವಕೀಲರು ಆಗ ಜಾರಿಯಲ್ಲಿದ್ದ 1923ರ ನೌಕರರ ಪರಿಹಾರ ಕಾಯಿದೆಯನ್ನು ಬಿಡಿಸಿ ಹೇಳಿದರು: ಕೆಲಸದಲ್ಲಿ ಏಟಾದರೆ ನೌಕರನ ಅಜಾಗರೂಕತೆ ಎಂದು ಮಾಲೀಕ ಕೈತೊಳೆದುಕೊಳ್ಳುವಂತಿಲ್ಲ. ಅವನು ಕುಡಿದಿದ್ದರೆ, ಅಥವಾ ಸ್ಪಷ್ಟವಾಗಿ ಮಾಡಿಟ್ಟ ಸುರಕ್ಷತಾ ನಿಯಮವನ್ನು ಬೇಕೆಂದೇ ಮುರಿದಿದ್ದರೆ ಮಾತು ಬೇರೆ; ಸಾವಾದರೆ ಅಥವಾ ಶಾಶ್ವತವಾಗಿ ಪೂರ್ತಿ ಅಂಗವಿಕಲನಾದರೆ ಆ ನೆಪವೂ ಇಲ್ಲ. ‘ನಿಮ್ಮ ನಿಯಮಗಳು ಎಲ್ಲಿ ಬರೆದಿವೆ?’ ಎಂದು ಕೇಳಿದರು. ನನ್ನ ತಲೆಯಲ್ಲಿದ್ದವು.

ಬರೆಯಲು ಕೂತಾಗ ಗೊತ್ತಾಯಿತು, ನಿಯಮಕ್ಕಿಂತ ಸಂಬಳ ಮೊದಲು ಬದಲಾಗಬೇಕು. ಗೈಡ್‌ಗಳಿಗೆ ತಿಂಗಳ ಸಂಬಳ ಮಾಡಿದೆ; ದಿನಕ್ಕೆ ಮೂರು ಟ್ರಿಪ್ಪಿಗಿಂತ ಹೆಚ್ಚಿಲ್ಲ. ಮಳೆಗಾಲದಲ್ಲಿ ರಾಫ್ಟಿಂಗ್ ನಿಂತಾಗ ಅರ್ಧ ಸಂಬಳ, ಆಗ ರಾಫ್ಟುಗಳಿಗೆ ತೇಪೆ ಹಾಕುವುದು, ಪ್ರಥಮ ಚಿಕಿತ್ಸೆಯ ಅಭ್ಯಾಸ, ಹಗ್ಗ ಎಸೆಯುವ ಅಭ್ಯಾಸ. ಕುಡಿತದ ತಪಾಸಣೆಗೆ ಊದುವ ಯಂತ್ರ ತಂದೆ. ಮೊದಲ ದಿನ ಎಲ್ಲರೂ ಮುಖ ಊದಿಸಿಕೊಂಡಿದ್ದರಿಂದ ನಾನೇ ಮೊದಲು ಊದಬೇಕಾಯಿತು. ಈಗಲೂ ದಿನಾ ಊದುತ್ತೇನೆ.

ಎಲ್ಲಕ್ಕಿಂತ ಕಷ್ಟವಾದದ್ದು ಭಕ್ಷೀಸಿನ ವಿಷಯ. ರಾಫ್ಟನ್ನು ಬೇಕೆಂದೇ ಮಗುಚಿದರೆ ಪ್ರವಾಸಿಗರು ಕೇಕೆ ಹಾಕುತ್ತಾರೆ, ದಡಕ್ಕೆ ಬಂದ ಮೇಲೆ ಐನೂರರ ನೋಟು ಕೊಡುತ್ತಾರೆ. ಸಮಾಧಾನವಾಗಿ ಕರೆತಂದವನಿಗೆ ಚಹಾ ಕೂಡ ಇಲ್ಲ. ಹೀಗೆ ನನ್ನ ಹುಡುಗರಿಗೆ ಅಪಾಯಕ್ಕೆ ಕೂಲಿ ಕೊಡುತ್ತಿದ್ದವರು ಗಿರಾಕಿಗಳು. ಮಗುಚಿದ ರಾಫ್ಟಿನ ಕೆಳಗೆ ಮೊದಲು ಸಿಕ್ಕಿಕೊಳ್ಳುವವನು ಗೈಡೇ ಆಗಬಹುದು, ಹರಿಯುವ ನೀರಿನಲ್ಲಿ ಎದ್ದು ನಿಲ್ಲಲು ಹೋದವನ ಕಾಲು ಬಂಡೆಯ ಸಂದಿಗೆ ಸಿಕ್ಕಬಹುದು. ಬಂದ ಭಕ್ಷೀಸೆಲ್ಲ ಒಂದೇ ಡಬ್ಬಿಗೆ, ಅಡುಗೆಯವನಿಗೂ ಜೀಪಿನ ಚಾಲಕನಿಗೂ ಸಮಪಾಲು ಎಂದೆ. ಇಬ್ಬರು ಒಳ್ಳೆಯ ಗೈಡ್‌ಗಳು ಕೆಲಸ ಬಿಟ್ಟು ಹೋದರು. ತಡೆಯಲು ಬೇಕಾದಷ್ಟು ಹಣ ನನ್ನಲ್ಲಿರಲಿಲ್ಲ. ದರವನ್ನೂ ಏರಿಸಬೇಕಾಯಿತು, ಬುಕಿಂಗ್ ಇಳಿಯಿತು.

ಇನ್ನೊಂದು ನಿಯಮ: ಯಾರು ‘ಬೇಡ’ ಎಂದರೂ ಟ್ರಿಪ್ ಇಲ್ಲ, ಕಾರಣವನ್ನು ಸಂಜೆ ಕೇಳುವುದು. ಬರೆಯುವುದು ಸುಲಭವಾಗಿತ್ತು. ಬೆಂಗಳೂರಿನ ಕಚೇರಿಯೊಂದರ ಹದಿನೆಂಟು ಜನ ಜಾಕೆಟ್ ತೊಟ್ಟು ನಿಂತಿದ್ದ ದಿನ, ಜೋಯಿಡಾ ಕಡೆಯ ನಮ್ಮ ಕುಣಬಿ ಸಮುದಾಯದ ಹುಡುಗ, ಎಲ್ಲರಿಗಿಂತ ಕಿರಿಯವನು, ದಡದಿಂದ ಬಂದು ‘ಇವತ್ತು ಬೇಡ’ ಎಂದ. ಅವರ ಮುಂಗಡ ಅದಾಗಲೇ ಖರ್ಚಾಗಿತ್ತು. ಬಾಯಿಗೆ ಬಂದ ಮಾತನ್ನು ನುಂಗಿಕೊಂಡೆ. ಅದು ಅವನಿಗೆ ಕಾಣಿಸಿರಲೂಬಹುದು. ಸಾಲ ಮಾಡಿ ಹಣ ವಾಪಸು ಕೊಟ್ಟೆ.

ಸಂಜೆ ಕೇಳಿದಾಗ ನದಿಯ ನಡುವಿನ ಬಂಡೆಯೊಂದನ್ನು ತೋರಿಸಿದ. ಅದರ ಬಿಳಿ ಗೆರೆ ಮುಳುಗಿದರೆ ಕೆಳಗಿನ ತಿರುವಿನಲ್ಲಿ ಸುಳಿ ಏಳುತ್ತದೆಯಂತೆ, ಅವರ ಊರಿನವರು ಆಗ ದನಗಳನ್ನೂ ಇಳಿಸುವುದಿಲ್ಲವಂತೆ. ಇಷ್ಟು ವರ್ಷ ಆ ಬಂಡೆಯ ಎದುರಿಗೇ ನಾನು ಬಿಲ್ಲು ಬರೆಯುತ್ತಿದ್ದೆ. ಮರುದಿನ ಅವನನ್ನೇ ಕರೆದುಕೊಂಡು ಹೋಗಿ ಗೆರೆಗೆ ಕೆಂಪು ಬಣ್ಣ ಬಳಿಸಿದೆ.