ಮಾಲೆಯಿಲ್ಲದೆ ಸಿಗರೇಟು ಬಿಡುವುದು ಹೇಗೆ?

ಇಪ್ಪತ್ತು ವರ್ಷ ಸೇದಿದವರೂ ಅಯ್ಯಪ್ಪನ ಮಾಲೆ ಹಾಕಿದ ದಿನದಿಂದ ಸಿಗರೇಟು ಮುಟ್ಟುವುದಿಲ್ಲ. 41 ದಿನ ಹೇಗೋ ಕಳೆದುಬಿಡುತ್ತಾರೆ. ಶಬರಿಮಲೆಯಿಂದ ಬಂದು ಮಾಲೆ ತೆಗೆದ ಸಂಜೆ ಅವರಲ್ಲಿ ಎಷ್ಟೋ ಜನ ಮತ್ತೆ ಗೂಡಂಗಡಿ ಮುಂದೆ ನಿಂತಿರುತ್ತಾರೆ. ಬಿಟ್ಟಿದ್ದು ಭಕ್ತಿಯ ಬಲ, ಮತ್ತೆ ಸೇದಿದ್ದು ಮನಸ್ಸಿನ ದೌರ್ಬಲ್ಯ ಎಂದು ಊರವರು ಷರಾ ಬರೆದು ಮುಗಿಸುತ್ತಾರೆ. ಮಾಲೆ ಮಾಡುವ ಇನ್ನೊಂದು ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ. ಅದು ಸುತ್ತಲಿನವರ ನಡವಳಿಕೆಯನ್ನೇ ಬದಲಾಯಿಸುತ್ತದೆ. ಕಪ್ಪು ಬಟ್ಟೆ ಕಂಡ ಮೇಲೆ ಆಫೀಸಿನ ಗೆಳೆಯ 'ಬಾರೋ, ಒಂದು ದಮ್ ಎಳೆದು ಬರೋಣ' ಎನ್ನುವುದಿಲ್ಲ. ಅಂಗಡಿಯವನು ಮುಖ ನೋಡಿದೊಡನೆ ಪ್ಯಾಕಿಗೆ ಕೈ ಹಾಕುವುದಿಲ್ಲ. ಮನೆಯಲ್ಲಿ ಸಿಡುಕಿದರೂ 'ಸ್ವಾಮಿ' ಎಂದೇ ಮಾತಾಡಿಸುತ್ತಾರೆ. ಜೊತೆಗೆ ವ್ರತ ಹಿಡಿದ ನಾಲ್ಕಾರು ಜನ ದಿನವೂ ಸಿಗುತ್ತಾರೆ.

ಮಾಲೆ ಹಾಕದೆ ಬಿಡುವವರು ಈ ಏರ್ಪಾಟನ್ನು ತಾವೇ ಕಟ್ಟಿಕೊಳ್ಳಬೇಕು. ಎರಡು ವಾರ ತಯಾರಿ, ಆಮೇಲೆ ಮೂರು ತಿಂಗಳ ಕೆಲಸ.

ಮೊದಲ ವಾರ: ಬಿಡಬೇಡಿ, ಬರೆಯಿರಿ

ಪ್ಯಾಕಿನ ಸುತ್ತ ಒಂದು ಹಾಳೆ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ. ಸಿಗರೇಟು ತೆಗೆಯಬೇಕಾದರೆ ಹಾಳೆ ಬಿಚ್ಚಲೇಬೇಕು. ಬಿಚ್ಚಿದಾಗಲೆಲ್ಲ ಮೂರು ಸಂಗತಿ ಬರೆಯಿರಿ: ಗಂಟೆ ಎಷ್ಟು, ಎಲ್ಲಿ, ಪಕ್ಕದಲ್ಲಿ ಯಾರು. ಬೀಡಿ ಸೇದುವವರಿಗೂ ಇದೇ ಕ್ರಮ. ಬೀಡಿಯಲ್ಲಿ ತಂಬಾಕು ಕಡಿಮೆ, ಹಾಗಾಗಿ ಪರವಾಗಿಲ್ಲ ಎಂಬ ಮಾತನ್ನು ನಂಬಬೇಡಿ. ಆರದಂತೆ ಪದೇ ಪದೇ ಎಳೆಯಬೇಕಾದ್ದರಿಂದ ಒಳಗೆ ಹೋಗುವ ಹೊಗೆ ಕಡಿಮೆಯೇನಲ್ಲ.

ಏಳು ದಿನದ ಹಾಳೆಗಳನ್ನು ಒಟ್ಟಿಗೆ ಹರಡಿದರೆ ಎರಡು ವಿಷಯ ತಿಳಿಯುತ್ತವೆ. ಒಂದು, ಎದ್ದ ಎಷ್ಟು ಹೊತ್ತಿಗೆ ಮೊದಲ ಸಿಗರೇಟು ಹಚ್ಚುತ್ತೀರಿ ಎಂಬುದು. ಅದು 30 ನಿಮಿಷದೊಳಗಿದ್ದರೆ ದೇಹ ತಂಬಾಕಿನಲ್ಲಿ ಚಟ ಹಿಡಿಸುವ ವಸ್ತುವಾದ ನಿಕೋಟಿನ್‌ಗೆ ಗಟ್ಟಿಯಾಗಿ ಅಂಟಿಕೊಂಡಿದೆ, ಔಷಧಿಯ ನೆರವಿಲ್ಲದೆ ಹೊರಡುವುದು ಜಾಣತನವಲ್ಲ. ಎರಡು, ಪದೇ ಪದೇ ಬರುವ ಹೆಸರುಗಳು. ನಾಲ್ಕು ಗಂಟೆಯ ಟೀ ಜೊತೆ ಅದೇ ಇಬ್ಬರು, ಊಟವಾದ ಮೇಲೆ ಅದೇ ಒಬ್ಬರು. ನಿಮ್ಮ ಜೊತೆಗಾರರ ಪಟ್ಟಿ ತಯಾರಾಗುವುದು ಈ ಹೆಸರುಗಳಿಂದಲೇ.

ಬಿಡುವ ದಿನವನ್ನು ಎರಡು ವಾರದೊಳಗೆ ಗೊತ್ತುಮಾಡಿ. ಅದಕ್ಕಿಂತ ದೂರ ಹೋದರೆ ಆ ದಿನ ಬರುವುದೇ ಇಲ್ಲ. ಮನೆಯಲ್ಲಿ ಮದುವೆ, ಆಫೀಸಿನಲ್ಲಿ ಮಾರ್ಚ್ ಕೊನೆಯ ಲೆಕ್ಕ ಇರುವ ವಾರ ಬೇಡ. 'ಒಂದೊಂದಾಗಿ ಕಮ್ಮಿ ಮಾಡ್ತೀನಿ' ಎನ್ನುವವರಿಗೆ ಒಂದು ಮಾತು: ಹದಿನೈದು ಸೇದುವವರು ಐದಕ್ಕೆ ಇಳಿದರೆ ಆ ಐದನ್ನು ತುದಿಯವರೆಗೆ, ಆಳವಾಗಿ ಎಳೆಯುತ್ತಾರೆ. ಎಣಿಕೆ ಇಳಿದಷ್ಟು ನಿಕೋಟಿನ್ ಇಳಿಯುವುದಿಲ್ಲ, ಉಳಿದ ಐದು ಮೊದಲಿಗಿಂತ ಪ್ರಿಯವಾಗುತ್ತವೆ. ಕಡಿಮೆ ಮಾಡುವುದಿದ್ದರೂ ಸೊನ್ನೆಗೆ ತಾರೀಖು ಇರಲಿ.

ಮೂರು ಜನ, ಮೂರು ಕೆಲಸ

'ನಾನು ಬಿಡ್ತಿದೀನಿ, ಸಪೋರ್ಟ್ ಮಾಡಿ' ಎಂದು ಎಲ್ಲರಿಗೂ ಹೇಳಿದರೆ ಯಾರೂ ಏನೂ ಮಾಡುವುದಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಕೆಲಸ ಒಪ್ಪಿಸಬೇಕು.

ಮನೆಯವರ ಕೆಲಸ ಕಾವಲು ಕಾಯುವುದಲ್ಲ. ಸಂಜೆ ಬಾಗಿಲಲ್ಲೇ ಅಂಗಿ ಮೂಸುವುದು, 'ಇವತ್ತು ಸೇದಿಲ್ಲ ತಾನೇ?' ಎಂದು ಕೇಳುವುದು, ಮಕ್ಕಳನ್ನು ಪತ್ತೇದಾರಿಗೆ ಬಿಡುವುದು, ಇವೆಲ್ಲ ಕದ್ದು ಸೇದುವುದನ್ನು ಕಲಿಸುತ್ತವೆ. 'ಇವತ್ತು ಯಾವ ಹೊತ್ತು ಕಷ್ಟ ಆಯ್ತು?' ಎಂದು ಕೇಳಿ. ಸಿಗರೇಟು ಬಿಟ್ಟ ಎರಡನೆಯ, ಮೂರನೆಯ ದಿನ ಸಿಡುಕು, ಚಡಪಡಿಕೆ, ನಿದ್ದೆಗೇಡು ತುತ್ತತುದಿಗೆ ಏರುತ್ತವೆ. ಎರಡರಿಂದ ನಾಲ್ಕು ವಾರದಲ್ಲಿ ಇಳಿಯುತ್ತವೆ. ಈ ಲೆಕ್ಕ ಮನೆಯವರಿಗೆ ಮೊದಲೇ ಗೊತ್ತಿದ್ದರೆ ಜಗಳ ಬೆಳೆಯುವುದಿಲ್ಲ. ಒಂದು ಮಾತನ್ನಂತೂ ಬಾಯಿತಪ್ಪಿಯೂ ಆಡಬಾರದು: 'ನಿಮ್ಮ ಈ ಸಿಟ್ಟು ನೋಡೋದಕ್ಕಿಂತ ಸೇದಿಕೊಂಡಿದ್ರೇ ವಾಸಿ.' ಸೇದುವವರು ಒಳಗೊಳಗೇ ಕಾಯುತ್ತಿರುವ ಅಪ್ಪಣೆ ಇದೇ.

ಎರಡನೆಯವರು ಹಾಳೆಯಲ್ಲಿ ಅತಿ ಹೆಚ್ಚು ಸಲ ಬಂದ ಹೆಸರಿನವರು. ಅವರೂ ಬಿಡಬೇಕೆಂದು ಕೇಳಬೇಡಿ, ಅದು ಬೇರೆ ಪಂಚಾಯಿತಿ. ಕೇಳಬೇಕಾದ್ದು ಎರಡೇ: ಒಂದು ತಿಂಗಳು ನನ್ನನ್ನು ಅಂಗಡಿಗೆ ಕರೆಯಬೇಡ, ನಾನೇ ಕೈ ಚಾಚಿದರೂ ಕೊಡಬೇಡ. ಸ್ನೇಹ ಕಡಿದುಕೊಳ್ಳಬೇಕಾಗಿಲ್ಲ. ನಾಲ್ಕು ಗಂಟೆಯ ಟೀಯನ್ನು ಸಿಗರೇಟು ಮಾರದ ಹೋಟೆಲಿನಲ್ಲಿ ಕುಡಿಯಿರಿ. ಜೊತೆಗೆ ಗೂಡಂಗಡಿಯ ಬಾಕಿ ಚುಕ್ತಾ ಮಾಡಿ, ಖಾತೆ ಮುಗಿಸಿ. ಬಾಕಿ ಇದ್ದರೆ ಅದನ್ನು ಕೊಡುವ ನೆಪದಲ್ಲಿ ಕಾಲು ಆ ಕಡೆ ಎಳೆಯುತ್ತದೆ.

ಮೂರನೆಯವರು ಫೋನಿನಲ್ಲಿ ಸಿಗುವವರು. ಹಿಂದೆ ಸೇದಿ ಬಿಟ್ಟವರಾದರೆ ಬಹಳ ಒಳ್ಳೆಯದು. ಒಪ್ಪಂದ ಸರಳ: ಹಚ್ಚುವ ಮೊದಲು ಫೋನ್, ಹಚ್ಚಿದ ಮೇಲಲ್ಲ. ಸೇದಬೇಕೆಂಬ ತುಡಿತ ಸಾಮಾನ್ಯವಾಗಿ ಮೂರರಿಂದ ಐದು ನಿಮಿಷದಲ್ಲಿ ತಾನಾಗಿ ತಗ್ಗುತ್ತದೆ. ಅಷ್ಟು ಹೊತ್ತು ಅವರು ಕ್ರಿಕೆಟ್, ಅಡಿಕೆ ರೇಟು, ನೆಂಟರ ಜಗಳ ಏನು ಬೇಕಾದರೂ ಮಾತಾಡಲಿ, ಉಪದೇಶ ಮಾತ್ರ ಬೇಡ.

ಇಂಥವರು ಯಾರೂ ಇಲ್ಲದಿದ್ದರೆ ಸಿಗರೇಟು ಪ್ಯಾಕಿನ ಮೇಲೆಯೇ ಅಚ್ಚಾಗಿರುವ 1800-11-2356 ಸಂಖ್ಯೆಗೆ ಮಾಡಿ. ಇದು ತಂಬಾಕು ಬಿಡುವವರಿಗೆ ನೆರವಾಗುವ ರಾಷ್ಟ್ರೀಯ ಕ್ವಿಟ್‌ಲೈನ್, ಕರೆಗೆ ಕಾಸಿಲ್ಲ. ಕನ್ನಡದ ಕರೆಗಳಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಉತ್ತರಿಸುವವರಿದ್ದಾರೆ. ಒಪ್ಪಿದರೆ ಅವರೇ ಮತ್ತೆ ಕರೆ ಮಾಡಿ ವಿಚಾರಿಸುತ್ತಾರೆ. ಮುಖಾಮುಖಿ ಮಾತಾಡಬೇಕೆಂದರೆ ಜಿಲ್ಲಾ ಆಸ್ಪತ್ರೆಯಲ್ಲಿ ತಂಬಾಕು ಬಿಡಿಸುವ ಕೇಂದ್ರ ಎಲ್ಲಿದೆ ಎಂದು ಕೇಳಿ.

ನಿಕೋಟಿನ್ ಗಮ್: ಅಗಿಯುವುದರಲ್ಲೇ ತಪ್ಪು

ಮೊದಲು ಹೇಳಿದ ಔಷಧಿಯ ನೆರವು ಎಂದರೆ ಮುಖ್ಯವಾಗಿ ಇದು, ಹೊಗೆಯಿಲ್ಲದೆ ದೇಹಕ್ಕೆ ಸ್ವಲ್ಪ ಸ್ವಲ್ಪ ನಿಕೋಟಿನ್ ಕೊಟ್ಟು ತಲಬು ತಗ್ಗಿಸುವ ಗಮ್. ಗಮ್ ತಂದು ಎರಡೇ ದಿನಕ್ಕೆ 'ನನಗೆ ಆಗಿಬರಲ್ಲ' ಎಂದು ಬಿಸಾಡುವವರು ಸಾಮಾನ್ಯವಾಗಿ ಅದನ್ನು ಬಬಲ್ ಗಮ್‌ನಂತೆ ಅಗಿದಿರುತ್ತಾರೆ. ಹಾಗೆ ಅಗಿದರೆ ನಿಕೋಟಿನ್ ಎಂಜಲಿನೊಂದಿಗೆ ಹೊಟ್ಟೆಗಿಳಿದು ಬಿಕ್ಕಳಿಕೆ, ಎದೆಯುರಿ, ವಾಕರಿಕೆ ತರುತ್ತದೆ. ತಲಬು ಹಾಗೇ ಉಳಿಯುತ್ತದೆ. ಗಮ್‌ನ ನಿಕೋಟಿನ್ ರಕ್ತಕ್ಕೆ ಸೇರಬೇಕಾದ್ದು ಕೆನ್ನೆಯ ಒಳಚರ್ಮದ ಮೂಲಕ.

ಸರಿಯಾದ ಕ್ರಮ ಹೀಗೆ. ನಿಧಾನವಾಗಿ ಹತ್ತು ಹದಿನೈದು ಸಲ ಅಗಿಯಿರಿ. ಮೆಣಸಿನಕಾಳು ಕಚ್ಚಿದಂತೆ ಚುರುಗುಟ್ಟುತ್ತದೆ. ಆಗ ಅಗಿಯುವುದು ನಿಲ್ಲಿಸಿ, ಎಲೆಅಡಿಕೆಯನ್ನು ದವಡೆಗೆ ಒತ್ತರಿಸಿಡುತ್ತಾರಲ್ಲ, ಹಾಗೆ ಕೆನ್ನೆ ಮತ್ತು ಒಸಡಿನ ನಡುವೆ ಇಟ್ಟುಕೊಳ್ಳಿ. ಒಂದು ನಿಮಿಷದಲ್ಲಿ ಚುರುಗು ಇಳಿಯುತ್ತದೆ. ಮತ್ತೆ ನಾಲ್ಕೈದು ಸಲ ಅಗಿದು ಇನ್ನೊಂದು ಕೆನ್ನೆಗೆ ಇಡಿ. ಒಂದು ಗಮ್ ಅರ್ಧ ಗಂಟೆ ಬರುತ್ತದೆ. ಬಾಯಲ್ಲಿ ಗಮ್ ಇರುವಾಗ, ಅದಕ್ಕೆ ಹದಿನೈದು ನಿಮಿಷ ಮೊದಲು ಕಾಫಿ, ನಿಂಬೆ ಶರಬತ್ತು, ಸೋಡಾ ಬೇಡ. ಬಾಯಿ ಆಮ್ಲೀಯವಾದರೆ ನಿಕೋಟಿನ್ ಹೀರಿಕೆಯಾಗುವುದಿಲ್ಲ.

ಅಳತೆ: ಎದ್ದು 30 ನಿಮಿಷದೊಳಗೆ ಸೇದುವವರಿಗೆ 4 ಮಿಲಿಗ್ರಾಂ, ಉಳಿದವರಿಗೆ 2. ಎರಡರದ್ದು ಚೀಟಿಯಿಲ್ಲದೆ ಸಿಗುತ್ತದೆ, ನಾಲ್ಕರದ್ದಕ್ಕೆ ವೈದ್ಯರ ಚೀಟಿ ಬೇಕು. ಮೊದಲ 6 ವಾರ ಒಂದೆರಡು ಗಂಟೆಗೊಂದು, ದಿನಕ್ಕೆ ಕನಿಷ್ಠ 9. ನಂತರದ 3 ವಾರ ಎರಡರಿಂದ ನಾಲ್ಕು ಗಂಟೆಗೊಂದು, ಕೊನೆಯ 3 ವಾರ ನಾಲ್ಕರಿಂದ ಎಂಟು ಗಂಟೆಗೊಂದು. ದಿನಕ್ಕೆ 24ನ್ನು ಮೀರಬಾರದು. ಹೆದರಿ ಮೂರು ನಾಲ್ಕಕ್ಕೇ ನಿಲ್ಲಿಸುವುದು ಇನ್ನೊಂದು ಸಾಮಾನ್ಯ ತಪ್ಪು. ಗಮ್ಮಿನ ಪಟ್ಟಿ ಪ್ಯಾಕ್ ಇಡುತ್ತಿದ್ದ ಅದೇ ಜೇಬಿನಲ್ಲಿರಲಿ, ಕೈ ತಾನಾಗಿ ಅಲ್ಲಿಗೇ ಹೋಗುತ್ತದೆ.

ಹಲ್ಲು ಸೆಟ್ಟಿನವರಿಗೆ ಗಮ್ ಅಂಟುತ್ತದೆ, ಅವರು ಚರ್ಮಕ್ಕೆ ಅಂಟಿಸುವ ಪ್ಯಾಚ್ ಕೇಳಬಹುದು. ದಿನಕ್ಕೆ ಹತ್ತಕ್ಕಿಂತ ಹೆಚ್ಚು ಸೇದುತ್ತಿದ್ದವರಿಗೆ 21 ಮಿಲಿಗ್ರಾಂ 6 ವಾರ, ಆಮೇಲೆ 14 ಮತ್ತು 7 ತಲಾ 2 ವಾರ. ದಿನವೂ ಜಾಗ ಬದಲಿಸಿ, ರೋಮವಿಲ್ಲದ ಒಣ ಚರ್ಮಕ್ಕೆ ಹಚ್ಚಿ. ವಿಚಿತ್ರ ಕನಸು ಬಿದ್ದರೆ ಮಲಗುವಾಗ ಕಿತ್ತುಬಿಡಿ. ತಲಬು ತಗ್ಗಿಸುವ ವೇರೆನಿಕ್ಲಿನ್, ಬುಪ್ರೊಪಿಯಾನ್ ಮಾತ್ರೆಗಳು ವೈದ್ಯರ ಚೀಟಿಯ ಮೇಲೆ ಮಾತ್ರ. ಇವನ್ನು ಬಿಡುವ ದಿನಕ್ಕಿಂತ ಒಂದು ವಾರವಾದರೂ ಮೊದಲು ಶುರು ಮಾಡಬೇಕು. ಫಿಟ್ಸ್ ಇದ್ದವರಿಗೆ ಬುಪ್ರೊಪಿಯಾನ್ ಕೂಡದು. ಗರ್ಭಿಣಿಯರು, ಇತ್ತೀಚೆಗೆ ಹೃದಯಾಘಾತವಾದವರು ಗಮ್ ತೆಗೆದುಕೊಳ್ಳುವ ಮುನ್ನವೂ ವೈದ್ಯರನ್ನು ಕೇಳಬೇಕು. ಇ-ಸಿಗರೇಟಿನ ಮಾತೇ ಬೇಡ, 2019ರಿಂದ ದೇಶದಲ್ಲಿ ಅದರ ಮಾರಾಟ ನಿಷಿದ್ಧ. ಸಿಗರೇಟು ಬಿಟ್ಟು ಗುಟ್ಕಾ, ಹೊಗೆಸೊಪ್ಪಿಗೆ ಹೋದರೆ ಬದಲಾಗುವುದು ಕ್ಯಾನ್ಸರ್ ಬರುವ ಜಾಗ ಮಾತ್ರ.

ಬಿಡುವ ಹಿಂದಿನ ರಾತ್ರಿ ಮತ್ತು ಮೊದಲ ಬೆಳಗು

ಬೈಕಿನ ಡಿಕ್ಕಿ, ಕೋಟಿನ ಒಳಜೇಬು, ಆಫೀಸಿನ ಡ್ರಾಯರ್, ಟಿವಿ ಹಿಂದೆ: ಎಲ್ಲ ಕಡೆ ಹುಡುಕಿ. 'ಧೈರ್ಯಕ್ಕೆ ಒಂದಿರಲಿ' ಎಂದು ಉಳಿಸಿದ ಸಿಗರೇಟು ಮೂರನೆಯ ದಿನ ಖಂಡಿತ ಹೊತ್ತಿಕೊಳ್ಳುತ್ತದೆ. ಹುಡುಕುವಾಗ ಮನೆಯವರೂ ಜೊತೆಗಿರಲಿ.

ಬೆಳಗ್ಗೆ ಒಂದು ಎಳೆದರೇ ಹೊಟ್ಟೆ ಖಾಲಿಯಾಗುವುದು ಎನ್ನುವವರು ನಮ್ಮಲ್ಲಿ ಬಹಳ. ಅದು ಸುಳ್ಳಲ್ಲ, ನಿಕೋಟಿನ್ ಕರುಳನ್ನು ಚುರುಕುಗೊಳಿಸುತ್ತದೆ. ಬಿಟ್ಟ ಮೇಲೆ ಕೆಲವು ದಿನ ಮಲಬದ್ಧತೆ ಇರುತ್ತದೆ. ಎದ್ದೊಡನೆ ಎರಡು ಲೋಟ ಬಿಸಿನೀರು, ರಾಗಿ, ಸೊಪ್ಪು, ಹಣ್ಣು, ಸ್ವಲ್ಪ ನಡಿಗೆ ಸಾಕಾಗುತ್ತದೆ. ಆಗದಿದ್ದರೆ ಇಸಬ್‌ಗೋಲ್ ತೆಗೆದುಕೊಳ್ಳಿ.

ಕಾಫಿಯನ್ನು ಅರ್ಧಕ್ಕಿಳಿಸಿ, ಬೈಟು ಕುಡಿಯಿರಿ. ತಂಬಾಕಿನ ಹೊಗೆಯಿಂದಾಗಿ ಯಕೃತ್ತು ಕೆಫೀನನ್ನು ಬೇಗ ಕರಗಿಸುತ್ತಿರುತ್ತದೆ. ಹೊಗೆ ನಿಂತರೆ ಅಷ್ಟೇ ಕಾಫಿ ದೇಹದಲ್ಲಿ ಹೆಚ್ಚು ಹೊತ್ತು ನಿಂತು ಎದೆಬಡಿತ, ಕೈನಡುಕ, ನಿದ್ದೆಗೇಡು ತರುತ್ತದೆ. ಜನ ಇದನ್ನೇ ಸಿಗರೇಟು ಬಿಟ್ಟ ಕಾಟ ಎಂದುಕೊಂಡು ಮತ್ತೆ ಹಚ್ಚುತ್ತಾರೆ. ಇದೇ ಕಾರಣಕ್ಕೆ ಕೆಲವು ಮಾನಸಿಕ ಕಾಯಿಲೆ ಮತ್ತು ಆಸ್ತಮಾದ ಮಾತ್ರೆಗಳ ಪ್ರಮಾಣವನ್ನು ಬದಲಿಸಬೇಕಾಗಬಹುದು. ಇನ್ಸುಲಿನ್ ಪ್ರಮಾಣವೂ ಬದಲಾಗಬಹುದು. ಇವನ್ನು ತೆಗೆದುಕೊಳ್ಳುವವರು ಬಿಡುವ ದಿನವನ್ನು ವೈದ್ಯರಿಗೆ ಮೊದಲೇ ತಿಳಿಸಿ.

ಕೆಮ್ಮು ಕೆಲವರಿಗೆ ಶುರುವಿನಲ್ಲಿ ಹೆಚ್ಚುತ್ತದೆ. ಶ್ವಾಸಕೋಶ ಕಫವನ್ನು ಹೊರಹಾಕುತ್ತಿದೆ ಎಂದು ಬಗೆಯಿರಿ. ಹಸಿವೂ ಹೆಚ್ಚುತ್ತದೆ, ತಿಂಗಳುಗಳಲ್ಲಿ ನಾಲ್ಕೈದು ಕಿಲೋ ಏರುವುದು ಸಾಮಾನ್ಯ. ಬಾಯಾಡಿಸಲು ಬಜ್ಜಿ, ಬೋಂಡದ ಬದಲು ಹುರಿಗಡಲೆ, ಸೌತೆಕಾಯಿ, ಸೋಂಪು ಇಟ್ಟುಕೊಳ್ಳಿ. ಮೊದಲ ತಿಂಗಳಲ್ಲೇ ತೂಕ ಇಳಿಸಲು ಹೊರಡಬೇಡಿ, ಒಂದು ಹೊತ್ತಿಗೆ ಒಂದೇ ಯುದ್ಧ.

ಎಣ್ಣೆ ಪಾರ್ಟಿಗಳಿಂದ ಒಂದು ತಿಂಗಳಾದರೂ ದೂರವಿರಿ. ಎರಡನೆಯ ಪೆಗ್ಗಿನ ಹೊತ್ತಿಗೆ ಒಪ್ಪಂದಗಳೆಲ್ಲ ಮರೆತುಹೋಗುತ್ತವೆ.

ಒಂದು ಸೇದಿಬಿಟ್ಟರೆ

'ಹೇಗೂ ಒಂದು ಆಯ್ತಲ್ಲ' ಎಂಬ ಮಾತಿನಿಂದ ಪ್ಯಾಕ್ ಖಾಲಿಯಾಗುತ್ತದೆ. ಸೇದಿದ ದಿನವೇ ಫೋನಿನವರಿಗೆ ಹೇಳಿ: ಎಷ್ಟು ಗಂಟೆಗೆ, ಎಲ್ಲಿ, ಯಾರ ಜೊತೆ. ಮೊದಲ ವಾರದ ಹಾಳೆಯ ಅದೇ ಮೂರು ಪ್ರಶ್ನೆ. ಉಳಿದ ಸಿಗರೇಟು ನೀರಿನಲ್ಲಿ ಅದ್ದಿ ಎಸೆಯಿರಿ, ಗಮ್ ಮುಂದುವರಿಸಿ. ದಿನಗಳ ಎಣಿಕೆಯನ್ನು ಒಂದರಿಂದ ಶುರು ಮಾಡಬೇಕಾಗಿಲ್ಲ. ಕೇಳಿಸಿಕೊಂಡವರು 'ನಾನು ಮೊದಲೇ ಹೇಳಿದ್ದೆ' ಎಂದರೆ ಮುಂದಿನ ಸಲ ಅವರಿಗೆ ಫೋನ್ ಬರುವುದಿಲ್ಲ.

41 ದಿನ ಆದ ಮೇಲೆ

ಈ ಹೊತ್ತಿಗೆ ದೇಹದ ಕಾಟ ಬಹುಪಾಲು ಮುಗಿದಿರುತ್ತದೆ. ಮಾಲೆ ತೆಗೆದವರು ಜಾರುವುದೂ ಈಗಲೇ, ಏಕೆಂದರೆ ಸುತ್ತಲಿನವರ ಏರ್ಪಾಟು ಅದೇ ದಿನ ಕಳಚಿಬೀಳುತ್ತದೆ. ಆದ್ದರಿಂದ ಮೂರೂ ಜನರೊಂದಿಗೆ ಇನ್ನೂ ಏಳು ವಾರಕ್ಕೆ ಒಪ್ಪಂದ ಬೆಳೆಸಿ. ಹುಷಾರಾಗಿದ್ದೇನೆಂದು ಗಮ್ ಮಧ್ಯದಲ್ಲೇ ನಿಲ್ಲಿಸಬೇಡಿ. ಮದುವೆ ಮನೆಯ ಇಸ್ಪೀಟು, ರಾತ್ರಿ ಬಸ್ಸು ನಿಲ್ಲುವ ಡಾಬಾ, ಸಾವಿನ ಮನೆಯ ಜಗಲಿ, ಇಂಥ ಕಡೆ ಯಾರ ಪಕ್ಕ ಕೂರಬೇಕು, ಯಾವಾಗ ಎದ್ದು ಬರಬೇಕು ಎಂದು ಹೊರಡುವ ಮೊದಲೇ ಮಾತಾಡಿಕೊಳ್ಳಿ. ಒಂದು ಸಿಗರೇಟಿಗೆ 20 ರೂಪಾಯಿ ಎಂದು ಹಿಡಿದರೂ ದಿನಕ್ಕೆ ಹದಿನೈದು ಸೇದುವವರಿಗೆ ತಿಂಗಳಿಗೆ 9,000 ಉಳಿಯುತ್ತದೆ. ಅದನ್ನು ಮನೆಯವರ ಖಾತೆಗೆ ಹಾಕಿ. ನಿಮ್ಮ ಖಾತೆಯಲ್ಲಿದ್ದರೆ ಕಣ್ಣಿಗೆ ಕಾಣದೆ ಕರಗುತ್ತದೆ.

ಮಾಲೆ ಹಾಕಿಯೇ ಬಿಡುತ್ತೇನೆ ಎನ್ನುವವರು ಮೂರು ಜನರನ್ನು ಹುಡುಕಬೇಕಾದ್ದು ಹೊರಡುವ ಮೊದಲೇ. ಗುರುಸ್ವಾಮಿಯನ್ನೇ ಫೋನಿನವರನ್ನಾಗಿ ಮಾಡಿಕೊಳ್ಳಬಹುದು. ಮಾಲೆ ತೆಗೆಯುವ ಸಂಜೆ ನಾಲ್ಕರಿಂದ ಎಂಟರವರೆಗೆ ಮನೆಯವರೊಂದಿಗೆ ಎಲ್ಲಿಗಾದರೂ ಹೋಗುವ ಕಾರ್ಯಕ್ರಮ ಇಟ್ಟುಕೊಳ್ಳಿ, ಗೂಡಂಗಡಿ ಇಲ್ಲದ ದಾರಿಯಲ್ಲಿ.